ಪ್ಯಾಚ್ ಅಂದರೆ ಬ್ಯಾಚ್ ಅಂತ ಕೇಳಿಸಿತಂತೆ: ಇಂಗ್ಲಿಷ್ ಉಚ್ಚಾರಣೆ ಎಲ್ಲಿಂದ ಸರಿ ಮಾಡಿಕೊಳ್ಳಲಿ?

ಟೆಸ್ಟಿಂಗ್ ಹುಡುಗಿ
ಭಾನುವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನದು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಈಗ ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ಆರು ವರ್ಷ ಆಯಿತು. ಇಂಗ್ಲಿಷ್ ಓದಲು, ಬರೆಯಲು ತೊಂದರೆ ಇಲ್ಲ. ನನ್ನ ಮೇಲ್ ಓದಿ ಯಾರೂ ಏನೂ ಅಂದಿದ್ದಿಲ್ಲ. ಮೂರು ತಿಂಗಳಿಂದ ಅಮೆರಿಕದ ಟೀಮ್ ಜೊತೆ ರಾತ್ರಿ ಕಾಲ್‌ನಲ್ಲಿ ನಾನೇ ಮಾತಾಡಬೇಕು. ಕಷ್ಟ ಶುರುವಾಗಿದ್ದು ಅಲ್ಲಿಂದ.

ಕಳೆದ ಮಂಗಳವಾರ ರಿಲೀಸ್ ಇತ್ತು. ರಾತ್ರಿ ಹತ್ತೂವರೆ. 'ದ ಪ್ಯಾಚ್ ಫೇಲ್ಡ್' ಅಂದೆ. ಪ್ಯಾಚ್ ಅಂದರೆ ಸಾಫ್ಟ್‌ವೇರ್‌ಗೆ ಹಾಕುವ ತಿದ್ದುಪಡಿ. ಆ ಕಡೆಯವರು ಬ್ಯಾಚ್ ಜಾಬ್‌ಗಳನ್ನು, ಅಂದರೆ ಕಂಪ್ಯೂಟರ್ ಗುಂಪಾಗಿ ತಾನೇ ಮಾಡುವ ಕೆಲಸಗಳನ್ನು, ಒಂದೊಂದಾಗಿ ತೆಗೆದು ನೋಡಲು ಶುರು ಮಾಡಿದರು. ಎಲ್ಲ ಸರಿಯಾಗಿದೆಯಲ್ಲ ಅಂದರು. ಇಲ್ಲ ಇಲ್ಲ, ಪ್ಯಾಚ್, ಪ್ಯಾಚ್ ಅಂತ ನಾನು ಮತ್ತೆ ಅಂದೆ. ಹೌದು, ಬ್ಯಾಚೇ ನೋಡುತ್ತಿದ್ದೇವೆ ಅಂದರು. ನಲವತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ಚಾಟ್‌ನಲ್ಲಿ ಟೈಪ್ ಮಾಡಿದ ಮೇಲೆ ಗೊತ್ತಾಯಿತು. ಅವರು ಬೈಯಲಿಲ್ಲ. ಮರುದಿನ ನಮ್ಮ ಲೀಡ್ ಕರೆದು, 'ಇನ್ನು ಕಾಲ್‌ನಲ್ಲಿ ಬೇರೆಯವರು ಮಾತಾಡಲಿ, ನೀನು ನೋಟ್ಸ್ ಬರ್ಕೋ' ಅಂದರು. ಅವತ್ತು ಪಿ.ಜಿ.ಗೆ ಬಂದವಳಿಗೆ ಊಟ ಸೇರಲಿಲ್ಲ.

ಎರಡು ವಾರದಿಂದ ಕನ್ನಡಿ ಮುಂದೆ ನಿಂತು ನಾಲಿಗೆ ಹಲ್ಲಿನ ಮಧ್ಯೆ ಇಟ್ಟು 'ದಿಸ್, ದಟ್, ಥಿಂಕ್' ಅಭ್ಯಾಸ ಮಾಡುತ್ತಿದ್ದೇನೆ. ಮಂಗಳವಾರ ಅದೂ ಉಪಯೋಗಕ್ಕೆ ಬರಲಿಲ್ಲ. ಒಂದು ತಿಂಗಳಲ್ಲಿ ಅಮೆರಿಕನ್ ಆಕ್ಸೆಂಟ್ ಬರಿಸುತ್ತೇವೆ ಅಂತ ಜಾಹೀರಾತು ನೋಡಿದೆ. ಸೇರಲಾ? ನನಗೆ ಅವರ ಥರ ಮಾತಾಡುವ ಆಸೆ ಇಲ್ಲ. ಹೇಳಿದ್ದು ಒಂದೇ ಸಲಕ್ಕೆ ಅರ್ಥ ಆದರೆ ಸಾಕು.


ರಾಜಾಜಿನಗರದವನು
ಭಾನುವಾರ, 9:41

ಸೇರಬೇಡಿ. ಕೋಟಿಗಟ್ಟಲೆ ಜನ ತಮ್ಮ ತಮ್ಮ ಊರಿನ ಥರ ಇಂಗ್ಲಿಷ್ ಮಾತಾಡುತ್ತಾರೆ. ಸ್ಕಾಟ್ಲೆಂಡಿನವರ ಇಂಗ್ಲಿಷ್ ಒಂದು ಥರ, ಆಸ್ಟ್ರೇಲಿಯಾದವರದು ಇನ್ನೊಂದು ಥರ. ಅವರನ್ನು ಯಾರೂ ಕ್ಲಾಸಿಗೆ ಕಳಿಸುವುದಿಲ್ಲ. ಈ ಊರಿನ ಹೆಸರು ಸರ್ಕಾರಿ ಕಾಗದದಲ್ಲಿ ಇಂಗ್ಲಿಷ್‌ನಲ್ಲೂ ಬೆಂಗಳೂರು ಅಂತ ಆಗಿದ್ದು 2014ರ ನವೆಂಬರ್ 1ಕ್ಕೆ. ಅಲ್ಲಿಯವರೆಗೆ ಬ್ರಿಟಿಷರ ನಾಲಿಗೆಗೆ ಬಂದ ಹಾಗೆ ನಾವೇ ಬರೆದುಕೊಂಡಿದ್ದೆವು. ಬಗ್ಗಬೇಕಾದವರು ಯಾವಾಗಲೂ ನಾವೇನಾ? ನಿಮ್ಮ ಲೀಡ್ ಮಾಡಿದ್ದು ತಪ್ಪು. ಆರು ವರ್ಷ ಕೆಲಸ ಗೊತ್ತಿರುವವರನ್ನು ಒಂದು ಪದಕ್ಕೆ ಮೂಲೆಗೆ ಕೂರಿಸುವುದು ಅನ್ಯಾಯ.


ಮಲ್ಲೇಶ್ವರದ ಟ್ರೈನರ್
ಭಾನುವಾರ, 11:05

ಮೇಡಂ, ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಬರೆದಿದ್ದು ಓದಿ ಬೇಜಾರಾಯಿತು. ಆದರೆ ಸಮಾಧಾನದ ಮಾತೂ ಇದೆ. ನಿಮಗೆ ಆಕ್ಸೆಂಟ್ ಬದಲಾಯಿಸುವ ಕ್ಲಾಸು ಬೇಡ. ಒಂದು ಅಕ್ಷರ ಸರಿ ಮಾಡಿಕೊಂಡರೆ ಮಂಗಳವಾರ ಆಗಿದ್ದು ಮತ್ತೆ ಆಗುವುದಿಲ್ಲ. ಆ ಅಕ್ಷರ 'ಥ'ವೂ ಅಲ್ಲ, 'ದ'ವೂ ಅಲ್ಲ. 'ಪ'.

ನಾವು ಪ, ಬ ಎರಡನ್ನೂ ಬೇರೆ ಮಾಡುವುದು ಗಂಟಲಿನ ನಡುಕದಿಂದ. ಗಂಟಲ ಮೇಲೆ ಬೆರಳಿಟ್ಟು ಪಾಲು, ಬಾಲ ಅಂದು ನೋಡಿ. 'ಬಾ' ಅನ್ನುವಾಗ ತುಟಿ ತೆರೆಯುವ ಮೊದಲೇ ಒಳಗೆ ಗುಂಯ್ ಅನ್ನುತ್ತದೆ. ಇಂಗ್ಲಿಷ್ ಮನೆಮಾತಿನವರ ಕಿವಿ ಪದದ ಮೊದಲಲ್ಲಿ ಆ ನಡುಕವನ್ನು ಅಷ್ಟಾಗಿ ಕಾಯುವುದಿಲ್ಲ. ಅದು ಕಾಯುವುದು ಗಾಳಿಗೆ. ತುಟಿ ತೆರೆದಾಗ ಫುಸ್ ಅಂತ ಗಾಳಿ ಬಂದರೆ ಅದು ಅವರಿಗೆ ಪ. ಬರದಿದ್ದರೆ ಬ. ನಮ್ಮ 'ಪ'ದಲ್ಲಿ ಗಾಳಿ ಇಲ್ಲ. ಹಾಗಾಗಿ ನೀವು ಎಷ್ಟು ಜೋರಾಗಿ ಪ್ಯಾಚ್ ಅಂದರೂ ಅವರಿಗೆ ಬ್ಯಾಚ್ ಅಂತಲೇ ಕೇಳಿಸುತ್ತದೆ. ಜೋರು ಮಾಡಿದರೆ ದನಿ ಏರುತ್ತದೆ ಅಷ್ಟೇ, ಗಾಳಿ ಬರುವುದಿಲ್ಲ.

ಒಂದು ಬಿ.ಎಂ.ಟಿ.ಸಿ. ಟಿಕೆಟ್ ತೆಗೆದುಕೊಳ್ಳಿ. ತೆಳ್ಳಗಿರುವ ಕಾಗದ, ಇದಕ್ಕೆ ಅದೇ ಚೆಂದ. ಒಂದು ತುದಿ ಹಿಡಿದು ತುಟಿಯಿಂದ ಎರಡು ಬೆರಳಿನಷ್ಟು ದೂರದಲ್ಲಿ ನೇತಾಡಿಸಿ. ಮೊದಲು ಕನ್ನಡದಲ್ಲಿ 'ಪಾಪ' ಅನ್ನಿ. ಟಿಕೆಟ್ ಅಲ್ಲಾಡುವುದೇ ಇಲ್ಲ. ಈಗ ಪ ಆದ ಮೇಲೆ ಒಂದು ಹ ಸೇರಿಸಿ, 'ಪ್‌ಹ್ಯಾಚ್' ಅನ್ನಿ. ಟಿಕೆಟ್ ಪಟ್ ಅಂತ ಆಚೆ ಹಾರಬೇಕು. ಹಾರುವವರೆಗೂ ಬಿಡಬೇಡಿ. ಹೊಟ್ಟೆಯಿಂದ ಊದಬೇಡಿ, ತುಟಿಯಿಂದ ಬಂದರೆ ಸಾಕು.

ಟ, ಕ ಕೂಡ ಹೀಗೇ. ಟೌನ್ ಅಂದರೆ ಡೌನ್, ಕೋಟ್ ಅಂದರೆ ಗೋಟ್ ಅಂತ ಕೇಳಿಸಬಹುದು. ಇದು ಪದದ ಮೊದಲಲ್ಲಿ ಮತ್ತು ಸ್ಟ್ರೆಸ್, ಅಂದರೆ ಒತ್ತು, ಬೀಳುವ ಜಾಗದಲ್ಲಿ ಬೇಕು: ರಿಪೋರ್ಟ್, ಡಿಪ್ಲಾಯ್, ಅಟ್ಯಾಚ್. ಹಿಂದೆ ಸ ಇದ್ದರೆ ಬೇಡ. ಸ್ಪೀಡ್, ಸ್ಟಾಪ್, ಸ್ಕೈ ಇವುಗಳನ್ನು ನಾವು ಈಗ ಹೇಳುವ ಹಾಗೆ ಹೇಳಿದರೆ ಸರಿ.

'ಥಿಂಕ್'ಗೆ ನೀವು ಪಟ್ಟ ಪಾಡು ನೋಡಿ ಇನ್ನೊಂದು ಮಾತು. ಜೆನಿಫರ್ ಜೆಂಕಿನ್ಸ್ ಅಂತ ಒಬ್ಬ ಇಂಗ್ಲಿಷ್ ಭಾಷಾತಜ್ಞೆ ಇದ್ದಾರೆ. ಬೇರೆ ಬೇರೆ ಭಾಷೆಯವರು ಇಂಗ್ಲಿಷ್‌ನಲ್ಲಿ ಮಾತಾಡಿಕೊಳ್ಳುವಾಗ ಯಾವ ಶಬ್ದ ಕೆಟ್ಟರೆ ಅರ್ಥ ಕೆಡುತ್ತದೆ ಅಂತ ನೋಡಿ 2000ದಲ್ಲಿ ಒಂದು ಪಟ್ಟಿ ಕೊಟ್ಟರು. ಪ, ಟ, ಕ ಗಾಳಿ ಆ ಪಟ್ಟಿಯಲ್ಲಿದೆ. ನಾಲಿಗೆ ಹಲ್ಲಿನ ಮಧ್ಯೆ ಇಡುವ ಶಬ್ದ ಅದರಲ್ಲಿ ಇಲ್ಲ. ನಮ್ಮ ತ, ದ ಇಟ್ಟುಕೊಂಡು ಹೇಳಿದರೂ ಸಾಮಾನ್ಯವಾಗಿ ಅರ್ಥ ಆಗುತ್ತದೆ. ಕನ್ನಡಿ ಮುಂದಿನ ಆ ಅಭ್ಯಾಸ ಸದ್ಯಕ್ಕೆ ನಿಲ್ಲಿಸಿ.


ನಿವೃತ್ತ ಮೇಷ್ಟ್ರು, ಬಸವನಗುಡಿ
ಭಾನುವಾರ, 12:20

ಟ್ರೈನರ್ ಹೇಳಿದ್ದು ಓದಿ ತುಂಬ ಖುಷಿಯಾಯಿತು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು. ಜ್ಞಾನಭಾರತಿ ಆವರಣದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿಗೂ ಹೋಗಿದ್ದೆ.

ಮಗಳೇ, ಆ ಗಾಳಿ ನಿನಗೆ ಹೊಸದಲ್ಲ. ಒಂದನೇ ಕ್ಲಾಸಿನಲ್ಲೇ ಕಲಿತಿದ್ದೀಯ. ಕ ಖ, ಟ ಠ. ಅಲ್ಪಪ್ರಾಣ, ಮಹಾಪ್ರಾಣ. ಇಪ್ಪತ್ತೈದು ವರ್ಗೀಯ ವ್ಯಂಜನದಲ್ಲಿ ಹತ್ತು ಮಹಾಪ್ರಾಣ. ಬಾಯಿ ಮುಂದೆ ಅಂಗೈ ಇಟ್ಟುಕೊಂಡು ಹೇಳಿ ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಮಾತಾಡುವಾಗ ಖರ್ಚು ಕರ್ಚಾಗುತ್ತದೆ, ಭಾರ ಬಾರವಾಗುತ್ತದೆ, ಅದು ಬೇರೆ. ಅಚ್ಚಗನ್ನಡ ಪದಗಳಿಗೆ ಮಹಾಪ್ರಾಣ ಬೇಕಾಗಿಯೇ ಇರಲಿಲ್ಲ. ಆದರೆ ಇಂಗ್ಲಿಷ್‌ನ ಕಾರ್ಡ್ ಅನ್ನುವಾಗ 'ಖಾ'ದಿಂದ ಶುರು ಮಾಡಿ ನೋಡು. ಟೈಮ್ ಅನ್ನುವಾಗ 'ಠೈ' ಅಂತ. 'ಪ'ಗೆ ಮಾತ್ರ ಜೋಪಾನ. ಈಗ 'ಫ' ಅಂದರೆ ಎಲ್ಲರೂ ಹಲ್ಲು ತುಟಿಗೆ ತಾಗಿಸಿ ಫ್ಯಾನಿನ ಫ ಹೇಳುತ್ತಾರೆ. ನಿನಗೆ ಬೇಕಾಗಿರುವುದು ವರ್ಣಮಾಲೆಯ ಹಳೆಯ 'ಫ', ಎರಡು ತುಟಿ ಕೂಡಿಸಿ ಹೇಳುವುದು.

ಇನ್ನೊಂದು. ನಾವು ಎ, ಒ ಮೊದಲಲ್ಲಿ ಬಂದರೆ ಯ, ವ ಸೇರಿಸುತ್ತೇವೆ. ಬರೆಯುವುದು ಎಲ್ಲಿ, ಒಂದು. ಅನ್ನುವುದು ಯೆಲ್ಲಿ, ವೊಂದು. ಕನ್ನಡದಲ್ಲಿ ಅದು ಚೆನ್ನಾಗಿಯೇ ಇದೆ. ಇಂಗ್ಲಿಷ್‌ಗೆ ಹೋದಾಗ ಎರರ್ ಹೋಗಿ ಯೆರರ್, ಓಪನ್ ಹೋಗಿ ವೋಪನ್ ಆಗುತ್ತದೆ. ಟೆಸ್ಟಿಂಗ್ ಕೆಲಸದವಳು ದಿನಕ್ಕೆ ನೂರು ಸಲ ಎರರ್ ಅನ್ನಬೇಕಲ್ವಾ? ಹಿಂದಿನ ಪದದ ಕೊನೆಯನ್ನು ಇದಕ್ಕೆ ಅಂಟಿಸಿಬಿಡು. 'ಆನ್ ಎರರ್' ಅಂತ ಎರಡು ತುಂಡು ಮಾಡದೆ, 'ಅನೆರರ್' ಅಂತ ಒಂದೇ ಉಸಿರಿಗೆ. 'ಯ' ಬರಲು ಜಾಗವೇ ಇರುವುದಿಲ್ಲ.


ಟೆಸ್ಟಿಂಗ್ ಹುಡುಗಿ
ಭಾನುವಾರ, ಮಧ್ಯಾಹ್ನ 1:02

ಟಿಕೆಟ್ ಹಿಡಿದು ನೋಡಿದೆ. ಇಪ್ಪತ್ತು ಸಲ ಪ್ಯಾಚ್ ಅಂದೆ, ಒಂದು ಸಲವೂ ಅಲ್ಲಾಡಲಿಲ್ಲ! ಆರು ವರ್ಷ ಹೀಗೇ ಮಾತಾಡಿದ್ದೇನೆ ಅಂತ ನೆನೆದು ಅಳುವೇ ಬಂತು. ಮೇಷ್ಟ್ರು ಹೇಳಿದ ಹಾಗೆ ಹಳೆಯ 'ಫ' ನೆನೆಸಿಕೊಂಡು ಹೇಳಿದಾಗ ಹಾರಿತು. ಮೇಷ್ಟ್ರೇ, ಅನೆರರ್ ತಕ್ಷಣ ಬಂತು. ನಿಮಗೆ ತುಂಬ ತುಂಬ ಥ್ಯಾಂಕ್ಸ್.


ಹಳೆ ನೈಟ್ ಶಿಫ್ಟ್
ಭಾನುವಾರ, 3:35

ನಾನು 2004ರಲ್ಲಿ ಒಂದು ಕಾಲ್ ಸೆಂಟರ್ ಸೇರಿದವನು. ರಾತ್ರಿ ಕ್ಯಾಬ್, ಬೆಳಗಿನ ಜಾವ ಮನೆ. ಮೊದಲ ಕೆಲವು ವಾರ ಬರೀ ವಾಯ್ಸ್ ಅಂಡ್ ಆಕ್ಸೆಂಟ್ ಟ್ರೈನಿಂಗ್. ಅಲ್ಲಿ ನನಗೆ ಬೇರೆ ಹೆಸರು ಕೊಟ್ಟರು. ಕಾಲ್ ಕೇಳಿ ಮಾರ್ಕ್ಸ್ ಹಾಕುವ ಹಾಳೆಯಲ್ಲಿ ಎಂ.ಟಿ.ಐ. ಅಂತ ಒಂದು ಕಾಲಂ ಇರುತ್ತಿತ್ತು. ಮದರ್ ಟಂಗ್ ಇನ್‌ಫ್ಲುಯೆನ್ಸ್. ಅಂದರೆ ಮಾತಿನಲ್ಲಿ ತಾಯಿನುಡಿ ಎಷ್ಟು ಕೇಳಿಸುತ್ತದೆ ಅಂತ ಲೆಕ್ಕ. ಕೇಳಿಸಿದಷ್ಟೂ ಮಾರ್ಕ್ಸ್ ಕಡಿಮೆ. ನನ್ನ ತಾಯಿಯ ಮಾತು ನನ್ನ ಬಾಯಲ್ಲಿ ಕೇಳಿಸಿದರೆ ತಪ್ಪು ಅಂತ ಬರೆದಿದ್ದನ್ನು ಪ್ರತಿ ವಾರ ಸಹಿ ಮಾಡಿ ತೆಗೆದುಕೊಳ್ಳುತ್ತಿದ್ದೆ. ಅದು ಇವತ್ತಿಗೂ ನೋವು ಕೊಡುತ್ತದೆ.

ಆದರೆ ಅದಕ್ಕಿಂತ ಮೊದಲಿನ ನೋವೊಂದಿದೆ. ನನ್ನದು ರಾಮನಗರದ ಕಡೆ. ನಮ್ಮ ಮನೆಯಲ್ಲಿ ಹಾಲಿಗೆ ಆಲು, ಹಸುವಿಗೆ ಅಸು ಅನ್ನುತ್ತೇವೆ. ಬೆಂಗಳೂರಿಗೆ ಬಂದ ಹೊಸತರಲ್ಲಿ ರೂಮಿನಲ್ಲಿದ್ದ ಹುಡುಗರು, ಎಲ್ಲರೂ ಕನ್ನಡದವರೇ, ನನ್ನ ಕೈಲಿ 'ಹಳ್ಳಿ' ಅನ್ನಿಸಿ ನಗುತ್ತಿದ್ದರು. ಹೆದರಿ ಹೆದರಿ ಬೇಡದ ಕಡೆಯೂ ಹ ಸೇರಿಸಲು ಶುರು ಮಾಡಿದೆ. ಇಂಗ್ಲಿಷ್‌ನಲ್ಲಿ ಏಟ್ ಅನ್ನಬೇಕಾದ ಕಡೆ ಹೇಟ್ ಅಂತ ಬರುತ್ತಿತ್ತು. ಫೋನ್ ನಂಬರ್ ಹೇಳುವಾಗ ಬೆವರುತ್ತಿದ್ದೆ.

ಅದನ್ನು ಸರಿ ಮಾಡಿದ್ದು ಟ್ರೈನಿಂಗ್ ಅಲ್ಲ, ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಹಿರಿಯ ಅಕ್ಕ ಒಬ್ಬರು. ಬ್ರೇಕ್‌ನಲ್ಲಿ ಟೀ ಕುಡಿಯುತ್ತಾ ಎದುರು ಬದುರು ಕೂತು ಅವರು ಇಂಗ್ಲಿಷ್‌ನಲ್ಲಿ ಎರಡು ಪದ ಹೇಳುವರು, ಏರ್, ಹೇರ್. ಎರಡೂ ಒಂದೇನಾ ಬೇರೆಯಾ ಅಂತಷ್ಟೇ ನಾನು ಹೇಳಬೇಕು. ನನ್ನ ಬಾಯಿ ಬಿಡಿಸುತ್ತಲೇ ಇರಲಿಲ್ಲ. ಒಂದು ವಾರ ಬರೀ ಕೇಳಿಸಿಕೊಂಡೆ. ಕಿವಿಗೆ ಬಿದ್ದ ಮೇಲೆ ಬಾಯಿಗೆ ಬರುವುದು ಕಷ್ಟ ಆಗಲಿಲ್ಲ. ತಂಗಿ, ನೀವೂ ಯಾರನ್ನಾದರೂ ಹಾಗೆ ಹಿಡಿದುಕೊಳ್ಳಿ. ನಗದವರನ್ನು ಆರಿಸಿಕೊಳ್ಳಿ.


ರಾಜಾಜಿನಗರದವನು
ಭಾನುವಾರ, 4:10

ಅಣ್ಣ, ನಿಮ್ಮ ಮಾತು ನಾಟಿತು. ಆ ಹುಡುಗರ ಥರ ನಾನೂ ಕಾಲೇಜಿನಲ್ಲಿ ನಕ್ಕಿದ್ದೇನೆ. ತಪ್ಪು ಮಾಡಿದೆ.

ಟ್ರೈನರ್ ಸರ್‌ಗೆ ಒಂದು ಪ್ರಶ್ನೆ. ನಮ್ಮ ತ್ರೀ, ಟ್ರೀ ನಮಗೆ ಎಷ್ಟು ಸ್ಪಷ್ಟ! ಅವರಿಗೆ ಎರಡೂ ಟ್ರೀ ಅಂತ ಕೇಳಿಸುತ್ತದಂತೆ. ಅದು ಅವರ ಕಿವಿಯ ತೊಂದರೆ ಅಲ್ವಾ?


ಮಲ್ಲೇಶ್ವರದ ಟ್ರೈನರ್
ಭಾನುವಾರ, ಸಂಜೆ 6:15

ಮೊದಲಿಗೆ, ನನ್ನನ್ನು ಮೇಡಂ ಅನ್ನಿ. ನಾನು ಹೆಂಗಸು.

ಹೌದು, ಅದು ಕಿವಿಯದೇ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇದನ್ನೇ ತೋರಿಸಿದರು. ಇಂಗ್ಲಿಷ್ ಮನೆಗಳ ಪುಟ್ಟ ಮಕ್ಕಳಿಗೆ ಹಿಂದಿಯ ತ, ಟ ಕೇಳಿಸಿದರು. ಆರರಿಂದ ಎಂಟು ತಿಂಗಳ ಮಕ್ಕಳು ಎರಡನ್ನೂ ಬೇರೆ ಅಂತ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿಗೆ ಹೆಚ್ಚಿನ ಮಕ್ಕಳಲ್ಲಿ ಆ ಗುರುತು ಹೋಗಿತ್ತು. ಮನೆಯಲ್ಲಿ ಕೇಳದ ಶಬ್ದಕ್ಕೆ ಕಿವಿ ಒಂದು ವರ್ಷದೊಳಗೆ ಬಾಗಿಲು ಅರ್ಧ ಹಾಕಿಬಿಡುತ್ತದೆ. ನಮಗೂ ಹಾಗೇ ಆಗಿದೆ. ಅವರಿಗೆ ವೆಸ್ಟ್, ಅಂದರೆ ಬನಿಯನ್, ಮತ್ತು ವೆಸ್ಟ್, ಅಂದರೆ ಪಶ್ಚಿಮ, ಎರಡು ಬೇರೆ ಪದ. ಕನ್ನಡದಲ್ಲಿ ಬರೆಯಲು ಹೋದರೆ ಎರಡೂ ಒಂದೇ ಆಗುತ್ತದೆ, ನೋಡಿ! ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ತುಟಿ ಸ್ವಲ್ಪ ಜುಮ್ ಅನ್ನಬೇಕು. ಎರಡನೆಯದಕ್ಕೆ ಹಲ್ಲು ಕಾಣಲೇಬಾರದು. ತುಟಿ ಗುಂಡಗೆ ಮಾಡಿ 'ಉ' ಅಂತ ಶುರು ಮಾಡಿ 'ಉಎಸ್ಟ್' ಅಂತ ಜಾರಿಸಿ.

ರಾಜಾಜಿನಗರದವರೇ, ನಿಮ್ಮ ಮೊದಲ ಮಾತಿಗೂ ಬೆಂಬಲ ಇದೆ. ಮುನ್ರೋ ಮತ್ತು ಡರ್ವಿಂಗ್ ಅಂತ ಇಬ್ಬರು 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಕ್ಸೆಂಟ್ ತುಂಬ ಜಾಸ್ತಿ ಅಂತ ಕೇಳುಗರು ಹೇಳಿದ ಮಾತನ್ನೇ ಅವರ ಕೈಲಿ ಬರೆಸಿ ನೋಡಿದರೆ, ಎಷ್ಟೋ ಕಡೆ ಒಂದು ಪದವೂ ತಪ್ಪಿಲ್ಲದೆ ಬರೆದಿದ್ದರು. ಆಕ್ಸೆಂಟ್ ಇದೆ ಅನ್ನುವುದು ಬೇರೆ, ಅರ್ಥ ಆಗಲಿಲ್ಲ ಅನ್ನುವುದು ಬೇರೆ. ನಾನು ದುಡ್ಡು ತೆಗೆದುಕೊಂಡು ಕಲಿಸುವವಳು, ಆದರೂ ಹೇಳುತ್ತೇನೆ. ಒಂದು ತಿಂಗಳಲ್ಲಿ ಅಮೆರಿಕನ್ ಆಕ್ಸೆಂಟ್ ಅನ್ನುವ ಕಡೆ ದುಡ್ಡು ಹಾಕಬೇಡಿ.


ಸ್ಟಾಫ್ ನರ್ಸ್, ಜಯನಗರ
ಭಾನುವಾರ, ರಾತ್ರಿ 8:50

ಡ್ಯೂಟಿ ಮುಗಿಸಿ ಬಂದು ಓದಿದೆ. ನನಗೆ ಇದು ಬರೀ ಮಾತಿನ ವಿಷಯ ಅಲ್ಲ. ವಾರ್ಡ್‌ನಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಗೊಂದಲ ಆದರೆ ಡೋಸ್ ಮೂರು ಪಟ್ಟು ಜಾಸ್ತಿ ಆಗಬಹುದು. ಕನ್ನಡದಲ್ಲಿ ಹದಿನೈದು, ಐವತ್ತು ಅಂದರೆ ಆ ಭಯವೇ ಇಲ್ಲ. ಫೋನ್‌ನಲ್ಲಿ ಆರ್ಡರ್ ತೆಗೆದುಕೊಂಡಾಗ ನಾವು 'ಫಿಫ್ಟೀನ್, ಒನ್ ಫೈವ್' ಅಂತ ಅಂಕಿ ಬಿಡಿಸಿ ವಾಪಸ್ ಓದುತ್ತೇವೆ.

ಇಂಗ್ಲೆಂಡಿಗೆ ಹೋಗಲು ಒ.ಇ.ಟಿ., ಅಂದರೆ ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ, ಬರೆಯುತ್ತಿದ್ದೇನೆ. ಮಾತಿನ ಪರೀಕ್ಷೆಯಲ್ಲಿ ಎರಡು ರೋಲ್ ಪ್ಲೇ, ಎಲ್ಲ ಸೇರಿ ಸುಮಾರು 20 ನಿಮಿಷ. ನಾವು ನರ್ಸ್, ನಮ್ಮ ಜೊತೆ ಮಾತಾಡುವವರು ಪೇಷಂಟ್. ನನಗೆ ಬರುವ ದೂರು ಒಂದೇ. ನೀವು ಒಂದೇ ಸಮನೆ ಮಾತಾಡುತ್ತೀರಿ, ಯಾವ ಪದ ಮುಖ್ಯ ಅಂತ ಗೊತ್ತಾಗುವುದಿಲ್ಲ ಅಂತ. ಅದಕ್ಕೇನು ಮಾಡಲಿ ಮೇಡಂ?


ಮಲ್ಲೇಶ್ವರದ ಟ್ರೈನರ್
ಭಾನುವಾರ, 9:40

ಸಿಸ್ಟರ್, ನೀವು ಕೇಳಿದ್ದೇ ಎಲ್ಲಕ್ಕಿಂತ ದೊಡ್ಡ ವಿಷಯ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಪಾಲು ಸಿಗುತ್ತದೆ. ಇಂಗ್ಲಿಷ್‌ನಲ್ಲಿ ಹಾಗಿಲ್ಲ. ಒಂದು ತುಂಡು ಉದ್ದ, ಜೋರು, ಏರುದನಿ. ಪಕ್ಕದವು ಸೊರಗುತ್ತವೆ. ಇದಕ್ಕೆ ಸ್ಟ್ರೆಸ್ ಅನ್ನುತ್ತಾರೆ. ಜಾಗ ತಪ್ಪಿದರೆ ಶಬ್ದ ಎಲ್ಲ ಸರಿ ಇದ್ದರೂ ಕೇಳುವವರು ಬೇರೆ ಪದ ಹುಡುಕುತ್ತಾರೆ.

ಡೆವಲಪ್ ಅನ್ನುವುದನ್ನು ನಾವು ಮೊದಲ ತುಂಡಿಗೆ ಒತ್ತಿ ಹೇಳುತ್ತೇವೆ. ಅದು ಡಿ-ವೆ-ಲಪ್, ಭಾರ 'ವೆ' ಮೇಲೆ. ಕಾಂಪೋನೆಂಟ್‌ನಲ್ಲಿ 'ಪೋ' ಮೇಲೆ. ಪ್ಯಾರಾಮೀಟರ್ ಅಂತ ನಾವು ಅನ್ನುವುದು ಪ-ರ್ಯಾ-ಮಿ-ಟರ್, ಎರಡನೆಯದರ ಮೇಲೆ. ಎಕ್ಸಿಕ್ಯೂಟ್‌ಗೆ ಮೊದಲ ತುಂಡು, ಅದೇ ಎಕ್ಸಿಕ್ಯುಟಿವ್ ಆದಾಗ ಎರಡನೆಯದು. ನಮ್ಮ ಹೋಟೆಲಿಗೂ ಭಾರ ಹಿಂದೆ, 'ಟೆಲ್' ಮೇಲೆ. ಡಿಕ್ಷನರಿಯಲ್ಲಿ ಭಾರ ಬೀಳುವ ತುಂಡಿನ ಮುಂದೆ ಮೇಲ್ಗಡೆ ಒಂದು ಪುಟ್ಟ ಗೀಟು ಇರುತ್ತದೆ. ಕೇಂಬ್ರಿಜ್ ಡಿಕ್ಷನರಿಯನ್ನು ಆನ್‌ಲೈನ್‌ನಲ್ಲಿ ತೆರೆದರೆ ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರಣೆ ಪುಕ್ಕಟೆ ಕೇಳಬಹುದು.

ಅಭ್ಯಾಸಕ್ಕೆ ಒಂದು ರಬ್ಬರ್ ಬ್ಯಾಂಡ್ ಸಾಕು. ಎರಡು ಹೆಬ್ಬೆರಳಿಗೆ ಹಾಕಿಕೊಂಡು, ಭಾರದ ತುಂಡು ಬಂದಾಗ ಎಳೆಯಿರಿ, ಮಿಕ್ಕಾಗ ಬಿಡಿ. ಕೈ ಎಳೆದಾಗ ಬಾಯಿಯೂ ಎಳೆಯುತ್ತದೆ. ಫಿಫ್ಟಿಗೆ ಮೊದಲು ಎಳೆಯಿರಿ, ಫಿಫ್ಟೀನ್‌ಗೆ ಆಮೇಲೆ. ಆದರೆ ಫಿಫ್ಟೀನ್ ಮಿನಿಟ್ಸ್ ಅಂತ ಮುಂದೆ ಪದ ಬಂದರೆ ಆ ಭಾರ ಮೊದಲ ತುಂಡಿಗೆ ಸರಿಯುತ್ತದೆ. ಆದ್ದರಿಂದ ಕೊನೆಯ 'ನ್' ನುಂಗಬೇಡಿ, ಮತ್ತು ಒನ್ ಫೈವ್ ಅನ್ನುವುದನ್ನು ಎಂದೂ ಬಿಡಬೇಡಿ.

ವಾಕ್ಯಕ್ಕೂ ಇದೇ. 'ಟೇಕ್ ದಿಸ್ ಟ್ಯಾಬ್ಲೆಟ್ ಆಫ್ಟರ್ ಫುಡ್' ಅನ್ನುವಾಗ ಪೇಷಂಟ್‌ಗೆ ತಿಳಿಯಬೇಕಾದ್ದು 'ಆಫ್ಟರ್'. ಅಲ್ಲಿ ಎಳೆಯಿರಿ. ಆಮೇಲೆ ಒಂದು ಕ್ಷಣ ನಿಲ್ಲಿಸಿ.


ಇಬ್ಬರು ಮಕ್ಕಳ ಅಪ್ಪ
ಸೋಮವಾರ, ಬೆಳಿಗ್ಗೆ 7:20

ನನ್ನ ಮಗನಿಗೆ ತೊದಲು ಇದೆ. ಇಂಗ್ಲಿಷ್ ಕ್ಲಾಸಿಗೆ ಸೇರಿಸಿದರೆ ಹೋಗುತ್ತದೆ ಅಂತ ಯಾರೋ ಹೇಳಿದರು. ಹೌದಾ?


ಮಲ್ಲೇಶ್ವರದ ಟ್ರೈನರ್
ಸೋಮವಾರ, 8:05

ಇಲ್ಲ ಸರ್, ದಯವಿಟ್ಟು ಹಾಗೆ ಮಾಡಬೇಡಿ. ಆಕ್ಸೆಂಟ್ ಕಾಯಿಲೆ ಅಲ್ಲ, ತೊದಲಿಗೆ ಆಕ್ಸೆಂಟ್ ಕ್ಲಾಸು ಮದ್ದೂ ಅಲ್ಲ. ಸ್ಪೀಚ್ ಥೆರಪಿಸ್ಟ್ ನೋಡಬೇಕು. ಇಲ್ಲೇ ನಿಮ್ಹಾನ್ಸ್‌ನಲ್ಲಿ ಅದಕ್ಕೆ ವಿಭಾಗ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ತಡ ಮಾಡಬೇಡಿ.


ಟೆಸ್ಟಿಂಗ್ ಹುಡುಗಿ
ಮೂರು ವಾರದ ನಂತರ, ಶನಿವಾರ ರಾತ್ರಿ 11:30

ಮತ್ತೆ ಬರೆಯುತ್ತೇನೆ ಅಂತ ಅಂದುಕೊಂಡಿದ್ದೆ, ಬರೆಯುತ್ತಿದ್ದೇನೆ.

ದಿನಾ ಹದಿನೈದು ನಿಮಿಷ. ಬೆಳಿಗ್ಗೆ ಪಿ.ಜಿ. ಟೆರೇಸ್ ಮೇಲೆ ಹತ್ತು ಪದ, ಟಿಕೆಟ್ ಹಿಡಿದು. ಆಫೀಸಿಗೆ ಹೋಗುವ ಬಸ್ಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನನ್ನದೇ ರೆಕಾರ್ಡಿಂಗ್ ಕೇಳುತ್ತೇನೆ. ಮೊದಲ ವಾರ ನನ್ನ ದನಿ ನನಗೇ ಕೇಳಲಾಗುತ್ತಿರಲಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಾಗ ಒಂದೇ ವಾಕ್ಯ ಎಂಟು ಸಲ ಕೇಳಿದೆ. ಆಗ ಇನ್ನೊಂದು ಸಿಕ್ಕಿತು. ಫಿಕ್ಸ್ಡ್ ಅನ್ನುವುದನ್ನು ನಾನು 'ಫಿಕ್ಸೆಡ್' ಅನ್ನುತ್ತಿದ್ದೆ. ಅದು ಒಂದೇ ತುಂಡು, ಕೊನೆಯಲ್ಲಿ ಬರೀ 'ಟ್', ಫಿಕ್ಸ್ಟ್. ಟೆಸ್ಟೆಡ್‌ಗೆ ಮಾತ್ರ ಎರಡು ತುಂಡು, ಅದರ ಕೊನೆಯಲ್ಲಿ ಮೊದಲೇ ಟ ಇದೆಯಲ್ಲ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಕೇಳಿಸಿಕೊಂಡೇ ಗೊತ್ತಾಯಿತು.

ಲೀಡ್ ಹತ್ತಿರ ನಾನೇ ಹೋಗಿ, ಈ ವಾರದ ಕಾಲ್ ನಾನು ತೆಗೆದುಕೊಳ್ಳುತ್ತೇನೆ ಅಂದೆ. ಗುರುವಾರ ಮಾತಾಡಿದೆ. ಪ್ಯಾಚ್ ಮೂರು ಸಲ ಬಂತು, ಮೂರೂ ಸಲ ಅರ್ಥ ಆಯಿತು. ಒಂದು ಕಡೆ 'ವಾಲ್ಯೂ' ಅಂದಿದ್ದಕ್ಕೆ 'ಸಾರಿ?' ಅಂದರು. ಹಲ್ಲು ತುಟಿಗೆ ತಾಗಿಸಿ ನಿಧಾನಕ್ಕೆ ಮತ್ತೆ ಹೇಳಿದೆ. ಮೊದಲಾಗಿದ್ದರೆ ಸುಮ್ನೆ ಚಾಟ್‌ಗೆ ಹೋಗುತ್ತಿದ್ದೆ. ಶುಕ್ರವಾರ ಊರಿಗೆ ಫೋನ್ ಮಾಡಿದಾಗ ಅಮ್ಮ, 'ಏನೇ, ದನಿ ಗಟ್ಟಿಯಾಗಿದೆ' ಅಂದರು. ಅವರ ಹತ್ತಿರ ಮಾತಾಡಿದ್ದು ನಮ್ಮೂರ ಕನ್ನಡದಲ್ಲೇ, ಒಂದು ಅಕ್ಷರವೂ ಬದಲಾಗಿಲ್ಲ.

ಟ್ರೈನರ್ ಮೇಡಂ, ಮೇಷ್ಟ್ರೇ, ನೈಟ್ ಶಿಫ್ಟ್ ಅಣ್ಣ, ನಿಮ್ಮನ್ನು ಮರೆಯುವುದಿಲ್ಲ.


ನಿವೃತ್ತ ಮೇಷ್ಟ್ರು, ಬಸವನಗುಡಿ
ಭಾನುವಾರ, ಬೆಳಿಗ್ಗೆ 6:15

ಕಣ್ಣು ತುಂಬಿ ಬಂತು ಮಗಳೇ. ಬಸ್ಸನ್ನು ಬಸ್ಸು, ಟೆಸ್ಟನ್ನು ಟೆಸ್ಟು ಅಂತ ಅಮ್ಮನ ಹತ್ತಿರ ಹೇಳುತ್ತಲೇ ಇರು. ಕಾಲ್‌ನಲ್ಲಿ ಮಾತ್ರ ಆ ಕೊನೆಯ 'ಉ' ಬಿಟ್ಟುಬಿಡು. ಮುಂದಿನ ವಾರಕ್ಕೆ ಅದು.


ಸ್ಟಾಫ್ ನರ್ಸ್, ಜಯನಗರ
ಭಾನುವಾರ, 8:30

ನನ್ನ ಪರೀಕ್ಷೆಗೆ ಇನ್ನು ಹನ್ನೆರಡು ದಿನ. ರಬ್ಬರ್ ಬ್ಯಾಂಡ್ ಮಾತ್ರೆ ಟ್ರೇಯಲ್ಲೇ ಇಟ್ಟುಕೊಂಡಿದ್ದೇನೆ. ರೋಲ್ ಪ್ಲೇಗೆ ಯಾರಾದರೂ ಪೇಷಂಟ್ ಆಗುತ್ತೀರಾ? ಫೋನ್‌ನಲ್ಲಿ, ಸಂಜೆ 7ರ ನಂತರ, 20 ನಿಮಿಷ. ನಾನು ಹೇಳಿದ್ದು ಎಲ್ಲಿ ಅರ್ಥ ಆಗಲಿಲ್ಲ ಅಂತ ನೇರವಾಗಿ ಹೇಳಬೇಕು.


ಟೆಸ್ಟಿಂಗ್ ಹುಡುಗಿ
ಭಾನುವಾರ, 8:34

ನಾನು ಆಗುತ್ತೇನೆ ಅಕ್ಕ. ಬುಧವಾರ ಏಳೂವರೆಗೆ ಕಾಲ್ ಇಲ್ಲ. ಸಕ್ಕರೆ ಕಾಯಿಲೆ ಪೇಷಂಟ್ ಆಗಲಾ, ಆಪರೇಷನ್ ಆದವರಾ?